1946ರ ಅಮೆರಿಕ ಕಾಲೇಜ್ ಫುಟ್‌ಬಾಲ್: ಮ್ಯಾಚ್ 0-0 ಆದ್ಮೇಲೆ ನೋಟರ್ ಡೇಮ್ ನಂಬರ್ ಒನ್ ಆಗಿದ್ದು ಹೆಂಗೆ?

ಸುಣ್ಣದಗೆರೆ (ದಾವಣಗೆರೆ), ಶನಿವಾರ ರಾತ್ರಿ

ನಮಸ್ಕಾರ್ರಿ ಎಲ್ಲರಿಗೂ. ನಾನು ದಾವಣಗೆರೆಲಿ ಒಂದು ಹೈಸ್ಕೂಲಿನ ಪಿಟಿ ಮೇಷ್ಟ್ರು, ಹತ್ತೊಂಬತ್ತು ವರ್ಷದಿಂದ ಕಬಡ್ಡಿ ಖೋಖೋ ಆಡಿಸ್ಕೊಂಡು ಬಂದೀನಿ, ಅಮೆರಿಕದವರ ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು ಅಂತ ಅಷ್ಟೇ ತಿಳ್ಕೊಂಡಿದ್ದೆ. ನಮ್ಮಕ್ಕನ ಮಗ ಇಂಡಿಯಾನಾದಲ್ಲಿ ಎಂಎಸ್ ಓದ್ತಿದಾನೆ, ಅವನು ವಿಡಿಯೋ ಕಾಲ್ ಮಾಡಿ ಮಾವ ಇಲ್ಲಿ ನೋಡು ಅಂತ ಸೌತ್ ಬೆಂಡ್ ಊರಿನ ನೋಟರ್ ಡೇಮ್ ಕಾಲೇಜಿನ ಸ್ಟೇಡಿಯಂ ತೋರಿಸ್ದ, ಅವತ್ತಿಂದ ಹಿಡ್ಕೊಂಡೈತಿ ನಂಗೆ ಈ ಹುಚ್ಚು. ದಿನಾ ರಾತ್ರಿ ಊಟ ಆದ್ಮೇಲೆ ಹಳೇ ಸೀಸನ್‌ಗಳ ಬಗ್ಗೆ ಓದ್ತಾ ಕೂತ್ಕೊಂತೀನಿ.

ಈಗ 1946ನೇ ಸೀಸನ್ ಹತ್ರ ಬಂದು ನಿಂತ್ಕೊಂಡೀನಿ. ಎರಡನೇ ಮಹಾಯುದ್ಧ ಮುಗಿದು ಮರುವರ್ಷ. ನನಗೆ ತಿಳಿದಿರೋದು ಇಷ್ಟು: ನವೆಂಬರ್ 9ನೇ ತಾರೀಖು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಆರ್ಮಿ ತಂಡಕ್ಕೂ (ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿ ಹುಡುಗ್ರು) ನೋಟರ್ ಡೇಮ್‌ಗೂ ಮ್ಯಾಚು, ಆರ್ಮಿ ಅಷ್ಟೊತ್ತಿಗೆ ಸಾಲಾಗಿ 25 ಮ್ಯಾಚ್ ಗೆದ್ದಿತ್ತು, ನೋಟರ್ ಡೇಮ್ ಆ ವರ್ಷ ಒಂದೂ ಸೋತಿರ್ಲಿಲ್ಲ, ಸುಮಾರು 74 ಸಾವಿರ ಜನ ನೋಡೋಕೆ ಬಂದಿದ್ರು. ಕೊನೆಗೆ 0-0. ಆಮೇಲೂ ಎರಡು ತಂಡನೂ ಯಾರ ಕೈಲೂ ಸೋಲಲಿಲ್ಲ. ಸೀಸನ್ ಮುಗಿದಾಗ ನೋಟರ್ ಡೇಮ್ ನಂಬರ್ ಒನ್, ಆರ್ಮಿ ನಂಬರ್ ಟೂ ಅಂತ ಹಾಕ್ಯಾರೆ. ಯಾರು ಹಾಕಿದ್ದು? ಯಾವ ಲೆಕ್ಕದ ಮೇಲೆ? ಫೈನಲ್ ಅಂತ ಒಂದು ಆಡಿಸೋದಲ್ವಾ? ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಇಟ್ರೆ ರಾತ್ರಿ ಎರಡು ಗಂಟೆ ಆದ್ರೂ ಫೈನಲ್ ಆಡಿಸಿ ಕಪ್ ಕೊಟ್ಟೇ ಕಳಿಸೋದು.

ಇನ್ನೊಂದು, ಜಾರ್ಜಿಯಾ ಅಂತ ಒಂದು ತಂಡ ಅದೇ ಸೀಸನ್ನಲ್ಲಿ 11ಕ್ಕೆ 11 ಗೆದ್ದೈತಿ. ಒಂದು ಡ್ರಾ ಕೂಡ ಇಲ್ಲ. ಅವರಿಗೆ ಯಾಕೆ ಮೂರನೇ ಜಾಗ? ಇದನ್ನ ಓದಿದಾಗಿಂದ ಮನಸ್ಸಿಗೆ ಸಮಾಧಾನನೇ ಇಲ್ಲ, ಆಡ್ಸೋ ಮೇಷ್ಟ್ರಿಗೆ ಇದು ಸಣ್ಣ ವಿಷಯ ಅಲ್ಲ ರೀ, ಗೆದ್ದ ಹುಡುಗ್ರಿಗೆ ಏನಂತ ಹೇಳೋದು. ತಿಳಿದವರು ಯಾರಾದ್ರೂ ಇದ್ರೆ ಬಿಡಿಸಿ ಹೇಳಿ.

---

ಕೋಟೆಬಾಗಿಲು (ಚಿತ್ರದುರ್ಗ), ಶನಿವಾರ ರಾತ್ರಿ

ಮೇಷ್ಟ್ರೇ ನಿಮ್ಮ ಪ್ರಶ್ನೆ ನೋಡಿ ಖುಷಿ ಆಯ್ತು ಕಣ್ರಿ, ನಮ್ಮ ದುರ್ಗದಲ್ಲಿ ಈ ಸೀಸನ್ ಬಗ್ಗೆ ಮಾತಾಡೋಕೆ ನಂಗೆ ಒಬ್ರೂ ಸಿಕ್ಕಿರ್ಲಿಲ್ಲ.

ಮೊದಲು ಫೈನಲ್ ವಿಷಯ. ಆಗ ಅಲ್ಲಿ ಫೈನಲ್ ಅನ್ನೋದೇ ಇರ್ಲಿಲ್ಲ. ಒಂದೊಂದು ಕಾಲೇಜು ವರ್ಷಕ್ಕೆ ಒಂಬತ್ತೋ ಹತ್ತೋ ಮ್ಯಾಚ್ ಆಡೋದು, ಯಾರ ಜೊತೆ ಆಡ್ಬೇಕು ಅನ್ನೋದನ್ನ ಆಯಾ ಕಾಲೇಜು, ಅವರವರ ಕಾನ್ಫರೆನ್ಸು (ಕಾಲೇಜುಗಳ ಗುಂಪು) ಮೊದ್ಲೇ ಗೊತ್ತು ಮಾಡ್ಕೊಂಡಿರ್ತಾರೆ. ದೇಶ ದೊಡ್ಡದು, ತಂಡ ನೂರಾರು, ಎಲ್ಲರೂ ಎಲ್ಲರ ಜೊತೆ ಆಡೋ ಮಾತೇ ಇಲ್ಲ. ಹಂಗಾಗಿ ಅಸೋಸಿಯೇಟೆಡ್ ಪ್ರೆಸ್ ಅಂತ ಐತಲ್ಲ, ಸುದ್ದಿ ಸಂಸ್ಥೆ, ಎಪಿ ಅಂತಾರೆ, ಅವ್ರು 1936ರಿಂದ ಪ್ರತಿ ವಾರ ಪತ್ರಕರ್ತರ ಹತ್ರ ಓಟು ಹಾಕಿಸಿ ಪಟ್ಟಿ ಮಾಡೋಕೆ ಶುರು ಮಾಡಿದ್ರು. ಸೀಸನ್ ಕೊನೇ ಪಟ್ಟಿಲಿ ಯಾರು ಮೇಲೆ ಇರ್ತಾರೋ ಅವ್ರನ್ನ ನ್ಯಾಷನಲ್ ಚಾಂಪಿಯನ್ ಅಂತ ಜನ ಒಪ್ಕೊಂಡ್ರು. ಅಂದ್ರೆ ಮೈದಾನದಲ್ಲಿ ಅಲ್ಲ, ಪೇಪರ್ ಆಫೀಸಲ್ಲಿ ತೀರ್ಮಾನ ಆಗ್ತಿತ್ತು. ಇದು ನಿಮ್ಮ ದುಗ್ಗಮ್ಮನ ಜಾತ್ರೆಲಿ ಹಿಡಿಸೋ ನಿಕಾಲಿ ಕುಸ್ತಿ ಅಲ್ಲ, ಇಬ್ರಲ್ಲಿ ಒಬ್ಬ ಬೀಳೋ ತನಕ ಬಿಡಲ್ಲ ಅನ್ನೋಕೆ. ಮ್ಯಾಚ್ ಸಮ ಆಯ್ತು ಅಂದ್ರೆ ಸಮ, ಅಷ್ಟೇ, ಮನೆಗೆ ಹೋಗೋದು. ಕಾಲೇಜ್ ಫುಟ್‌ಬಾಲ್‌ನಲ್ಲಿ ಎಕ್ಸ್‌ಟ್ರಾ ಟೈಮ್ ಆಡಿಸಿ ಎಲ್ಲಾ ಮ್ಯಾಚಿಗೂ ಫಲಿತಾಂಶ ತರೋ ಪದ್ಧತಿ ಬಂದಿದ್ದೇ 1996ರಲ್ಲಿ.

ಇನ್ನ ಆರ್ಮಿ ಯಾಕೆ ಎರಡನೇ ಜಾಗಕ್ಕೆ ಹೋಯ್ತು ಅನ್ನೋದು. ನವೆಂಬರ್ 9 ಆದ ಮೇಲೂ ಆರ್ಮಿನೇ ಮುಂದೆ ಇತ್ತು ಅನ್ಕೊಳ್ಳಿ, ಕೆಡಿಸಿದ್ದು ನವೆಂಬರ್ 30. ಅವತ್ತು ಫಿಲಡೆಲ್ಫಿಯಾದಲ್ಲಿ ಆರ್ಮಿಗೂ ನೇವಿಗೂ (ನೌಕಾಪಡೆ ಅಕಾಡೆಮಿ ಹುಡುಗ್ರು) ಮ್ಯಾಚ್, ಪ್ರೆಸಿಡೆಂಟ್ ಟ್ರೂಮನ್ ಬಂದು ಕೂತಿದ್ರು. ನೇವಿ ಆ ಸೀಸನ್ನಲ್ಲಿ ಬರೀ ಒಂದೇ ಮ್ಯಾಚ್ ಗೆದ್ದಿದ್ದ ತಂಡ. ಅರ್ಧ ಆಟಕ್ಕೆ ಆರ್ಮಿ 21-6 ಮುಂದೆ, ಎಲ್ಲಾ ಮುಗೀತು ಅನ್ಕೊಂಡ್ರೆ ನೇವಿ ಹುಡುಗ್ರು ಎದ್ದು ಬಂದ್ರು ನೋಡಿ, ಒಂದಾದ ಮೇಲೆ ಒಂದು ಇನ್ನೆರಡು ಟಚ್‌ಡೌನ್ ಹೊಡೆದು 21-18 ಮಾಡಿದ್ರು. ಟಚ್‌ಡೌನ್ ಅಂದ್ರೆ ಚೆಂಡನ್ನ ಎದುರಾಳಿ ಗೆರೆ ದಾಟಿಸೋದು, ಆರು ಪಾಯಿಂಟು, ಆಮೇಲೆ ಕಂಬದ ಮಧ್ಯೆ ಒದ್ದು ಇನ್ನೊಂದು ಪಾಯಿಂಟ್ ತಗೊಬಹುದು. ನೇವಿ ಮೂರು ಸಲ ಗೆರೆ ದಾಟಿದ್ರು, ಮೂರು ಸಲನೂ ಆ ಒಂದು ಪಾಯಿಂಟ್ ಸಿಗ್ಲಿಲ್ಲ. ಮೂರೂ ಬಂದಿದ್ರೆ 21-21. ಕೊನೇ ನಿಮಿಷಗಳಲ್ಲಿ ಮತ್ತೆ ಚೆಂಡು ತಗೊಂಡು ಆರ್ಮಿ ಗೆರೆಯಿಂದ ಕೆಲವೇ ಗಜದ ತನಕ ಬಂದು ನಿಂತಿದ್ರು, ಅಷ್ಟೊತ್ತಿಗೆ ಟೈಮ್ ಮುಗೀತು. ಇಂಥ ಸೋತ ತಂಡದ ಮೇಲೆ ಆರ್ಮಿ ಹಿಂಗೆ ಏದುಸಿರು ಬಿಟ್ಕೊಂಡು ಗೆಲ್ತು, ಅದೇ ದಿನ ನೋಟರ್ ಡೇಮ್ ಸದರ್ನ್ ಕ್ಯಾಲಿಫೋರ್ನಿಯಾನ 26-6 ಹೊಡೀತು. ಓಟು ಹಾಕೋರ ಕಣ್ಣಿಗೆ ಎರಡೂ ಒಂದೇ ದಿನ ಬಿತ್ತು. ಆರ್ಮಿ 9 ಗೆಲುವು ಒಂದು ಡ್ರಾ, ನೋಟರ್ ಡೇಮ್ 8 ಗೆಲುವು ಒಂದು ಡ್ರಾ, ಆದ್ರೂ ಪಟ್ಟಿ ತಿರುಗಿ ಹೋಯ್ತು.

ಜಾರ್ಜಿಯಾಗೆ ಆಗಿದ್ದು ಅನ್ಯಾಯ ಅಂತಾನೇ ನಂಗೂ ಅನ್ಸುತ್ತೆ. ಚಾರ್ಲಿ ಟ್ರಿಪ್ಪಿ ಅಂತ ಅವ್ರ ದೊಡ್ಡ ಆಟಗಾರ, ಅವ್ರು ಕೊನೇದಾಗಿ 1947ರ ಜನವರಿ 1ಕ್ಕೆ ಶುಗರ್ ಬೌಲ್‌ನಲ್ಲಿ ನಾರ್ತ್ ಕೆರೊಲಿನಾನ 20-10 ಸೋಲ್ಸಿ 11 ಪೂರ್ತಿ ಮಾಡಿದ್ರು. ಬೌಲ್ ಅಂದ್ರೆ ಸೀಸನ್ ಮುಗಿದ ಮೇಲೆ ಹೊಸವರ್ಷದ ಹೊತ್ತಿಗೆ ಆಹ್ವಾನ ಕೊಟ್ಟು ಆಡಿಸೋ ದೊಡ್ಡ ಮ್ಯಾಚು. ಆದ್ರೆ ಎಪಿ ಕೊನೇ ಓಟು ಡಿಸೆಂಬರ್‌ನಲ್ಲೇ, ಬೌಲ್‌ಗೆ ಮುಂಚೆನೇ ಮುಗಿದು ಹೋಗಿತ್ತು. ಆರ್ಮಿ, ನೋಟರ್ ಡೇಮ್ ಎರಡೂ ಆ ಕಾಲದಲ್ಲಿ ಬೌಲ್ ಆಡ್ತಾನೇ ಇರ್ಲಿಲ್ಲ, ಹಂಗಾಗಿ ಅವ್ರನ್ನ ಮೈದಾನದಲ್ಲಿ ಕೇಳೋ ಅವಕಾಶನೇ ಜಾರ್ಜಿಯಾಗೆ ಸಿಗ್ಲಿಲ್ಲ. ಮರುವರ್ಷ ಇನ್ನೂ ಜಾಸ್ತಿ ಗಲಾಟೆ ಆಯ್ತು, ಮಿಷಿಗನ್ ರೋಸ್ ಬೌಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾನ 49-0 ಹೊಡೆದ ಮೇಲೆ ಎಪಿಯವ್ರು ಸ್ಪೆಷಲ್ಲಾಗಿ ಇನ್ನೊಂದು ಓಟು ಹಾಕ್ಸಿದ್ರು, ಅದ್ರಲ್ಲಿ ಮಿಷಿಗನ್ ಗೆಲ್ತು, ಆದ್ರೆ ರೆಕಾರ್ಡಲ್ಲಿ ಚಾಂಪಿಯನ್ ಅಂತ ಉಳ್ಕೊಂಡಿದ್ದು ಡಿಸೆಂಬರ್ ಪಟ್ಟಿಯ ನೋಟರ್ ಡೇಮೇ.

---

ಸುಣ್ಣದಗೆರೆ (ದಾವಣಗೆರೆ), ಭಾನುವಾರ ಬೆಳಿಗ್ಗೆ

ಸರ್ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ, ಧನ್ಯವಾದ. ನೇವಿ ಮ್ಯಾಚ್ ವಿಷಯ ನಂಗೆ ಗೊತ್ತೇ ಇರ್ಲಿಲ್ಲ.

ಒಂದು ಮಾತ್ರ ಇನ್ನೂ ತಲೆಗೆ ಹತ್ತಲಿಲ್ಲ. ಆರ್ಮಿ ತಂಡ 1944ರಲ್ಲಿ ಇದೇ ನೋಟರ್ ಡೇಮ್‌ನ 59-0 ಹೊಡೆದೈತಿ, 1945ರಲ್ಲಿ 48-0. ಆರ್ಮಿಯ ದೊಡ್ಡ ಆಟಗಾರರು ಬ್ಲಾಂಚರ್ಡ್, ಡೇವಿಸ್ ಇಬ್ರೂ ಮೂರು ವರ್ಷನೂ ಇದ್ರು. ಹಂಗಿದ್ದ ಮೇಲೆ 1946ರಲ್ಲಿ ಒಂದು ಪಾಯಿಂಟ್ ಕೂಡ ಹೊಡೆಯೋಕೆ ಆಗ್ಲಿಲ್ಲ ಅಂದ್ರೆ ಒಂದೇ ವರ್ಷದಾಗೆ ಏನಾಯ್ತು? ಕೋಚ್ ಎಷ್ಟೇ ಒಳ್ಳೇರಿದ್ರೂ 48 ಪಾಯಿಂಟ್ ಒಂದು ವರ್ಷದಲ್ಲಿ ತುಂಬ್ಸೋಕೆ ಆಗಲ್ಲ, ಅದು ನನ್ನ ಅನುಭವದ ಮಾತು.

---

ಮಾಜಿ ಹವಾಲ್ದಾರ್ (ದಾವಣಗೆರೆ), ಭಾನುವಾರ ಮಧ್ಯಾಹ್ನ

ಮೇಷ್ಟ್ರೇ, ಇದಕ್ಕೆ ನಾನು ಉತ್ತರ ಹೇಳ್ತೀನಿ, ಯಾಕಂದ್ರೆ ಇದು ಆಟದ ವಿಷಯಕ್ಕಿಂತ ಜಾಸ್ತಿ ಫೌಜಿನ ವಿಷಯ.

ಯುದ್ಧ ನಡೀಬೇಕಾದ್ರೆ ಬೇರೆ ಕಾಲೇಜಿನ ವಯಸ್ಸಿಗೆ ಬಂದ ಹುಡುಗ್ರೆಲ್ಲ ಸೇನೆಗೆ ಹೋಗ್ಬಿಟ್ಟಿದ್ರು, ಕಾಲೇಜಲ್ಲಿ ಉಳಿದೋರು ಹದಿನೇಳು ಹದಿನೆಂಟರ ಮಕ್ಕಳು, ಇಲ್ಲ ಮೆಡಿಕಲ್ಲಿ ಫೇಲ್ ಆದೋರು. ಎಷ್ಟೋ ಕಾಲೇಜು ತಂಡಾನೇ ನಿಲ್ಲಿಸಿದ್ವು. ವೆಸ್ಟ್ ಪಾಯಿಂಟ್ ಹಂಗಲ್ಲ, ಅದು ಆಫೀಸರ್ ತಯಾರ್ ಮಾಡೋ ಜಾಗ, ಅಲ್ಲಿ ಸೇರಿದ ಹುಡುಗ ಸೇನೆಯಾಗೆ ಇದ್ದಂಗೇ ಲೆಕ್ಕ, ಓದು ಮುಗಿಯೋ ತನಕ ಅಲ್ಲೇ ಇರ್ತಾನೆ. ಹಂಗಾಗಿ ಒಳ್ಳೊಳ್ಳೆ ಆಟಗಾರರು ಅಲ್ಲಿ ಸೇರಿದ್ರು. 59-0, 48-0 ಆಗಿದ್ದು ಅದಕ್ಕೇ. ಆ ಎರಡು ವರ್ಷ ನೋಟರ್ ಡೇಮ್‌ನ ಕೋಚ್ ಫ್ರಾಂಕ್ ಲೇಹಿನೇ ನೌಕಾಪಡೆಯಲ್ಲಿದ್ರು. ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು, ಜಾನಿ ಲೂಜ್ಯಾಕ್ ಇಂಗ್ಲಿಷ್ ಚಾನೆಲ್‌ನಲ್ಲಿ ಜರ್ಮನ್ ಸಬ್‌ಮರೀನ್ ಹುಡುಕೋ ಹಡಗಿನ ಮೇಲಿದ್ದ. 1946ಕ್ಕೆ ಅವರೆಲ್ಲ ವಾಪಸ್ ಬಂದ್ರು. ಮೇಷ್ಟ್ರೇ, 1945ರಲ್ಲಿ ಆಡಿದ ನೋಟರ್ ಡೇಮ್ ಬೇರೆ, 1946ರಲ್ಲಿ ಆಡಿದ ನೋಟರ್ ಡೇಮ್ ಬೇರೆ, ಜೆರ್ಸಿ ಒಂದೇ.

ಬರೀ ಅವರೊಬ್ರೇ ಅಲ್ಲ. ಇಲಿನಾಯ್ ತಂಡದಲ್ಲಿ ಅಲೆಕ್ಸ್ ಅಗಾಸೆ ಅಂತ ಒಬ್ಬ, ಮರೀನ್ ಆಗಿ ಪೆಸಿಫಿಕ್‌ನಲ್ಲಿ ಯುದ್ಧ ಮಾಡಿ ಗಾಯ ಆಗಿ ಪರ್ಪಲ್ ಹಾರ್ಟ್ ಪದಕ ತಗೊಂಡು ಬಂದೋನು, ಬಂದು ಮತ್ತೆ ಕಾಲೇಜ್ ಜೆರ್ಸಿ ಹಾಕ್ಕೊಂಡು ಆಡ್ದ, ಆ ತಂಡನೇ ರೋಸ್ ಬೌಲ್‌ನಲ್ಲಿ ಅಲ್ಲಿ ತನಕ ಒಂದೂ ಸೋಲದ ಯುಸಿಎಲ್‌ಎ ಕಾಲೇಜ್ ತಂಡನ 45-14 ಹೊಡೆದಿದ್ದು. ಮೇಲೆ ಕೋಟೆಬಾಗಿಲು ಸರ್ ಹೇಳಿದ ಟ್ರಿಪ್ಪಿ ಕೂಡ ಸೇನೆಯ ವಾಯುದಳದಲ್ಲಿ ಇದ್ದು ಬಂದೋನೇ. ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿನ, ಸಾವು ನೋಡಿ ಬಂದ ಗಂಡಸರು ಹದಿನೆಂಟರ ಹುಡುಗ್ರ ಪಕ್ಕ ಬೆಂಚಿನ ಮೇಲೆ ಕೂತು ಲೆಕ್ಕದ ಪಾಠ ಕೇಳ್ಕೊಂಡು ಸಾಯಂಕಾಲ ಮೈದಾನಕ್ಕೆ ಹೋಗ್ತಿದ್ರು.

ಅವರು ಕಾಲೇಜಿಗೆ ವಾಪಸ್ ಬರೋಕೆ ಆಗಿದ್ದು ಹೆಂಗೆ ಅಂದ್ರೆ ಜಿಐ ಬಿಲ್ ಅಂತ ಕಾನೂನು. ರೂಸ್‌ವೆಲ್ಟ್ 1944ರ ಜೂನ್ 22ಕ್ಕೆ ಸಹಿ ಹಾಕಿದ್ದು, ಗಮನಿಸಿ, ಯುದ್ಧ ಇನ್ನೂ ಮುಗಿದಿರ್ಲಿಲ್ಲ, ನಾರ್ಮಂಡಿ ದಡದಲ್ಲಿ ಸೈನ್ಯ ಇಳಿದು ಆಗ ಹದಿನಾರೇ ದಿನ. ವಾಪಸ್ ಬಂದ ಸೈನಿಕನಿಗೆ ವರ್ಷಕ್ಕೆ 500 ಡಾಲರ್ ತನಕ ಕಾಲೇಜ್ ಫೀಸು ಪುಸ್ತಕ ಸರ್ಕಾರದ್ದು, ಮೇಲೆ ತಿಂಗಳ ಖರ್ಚಿಗೆ ದುಡ್ಡು, ಹೆಂಡ್ತಿ ಮಕ್ಕಳಿದ್ರೆ ಇನ್ನೊಂದಿಷ್ಟು. ಸುಮಾರು 22 ಲಕ್ಷ ಜನ ಅದರಿಂದ ಕಾಲೇಜ್ ಮೆಟ್ಟಿಲು ಹತ್ತಿದ್ರು, 1947ರ ಹೊತ್ತಿಗೆ ಅಮೆರಿಕದ ಕಾಲೇಜುಗಳಲ್ಲಿ ಇದ್ದೋರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಮಾಜಿ ಸೈನಿಕರೇ. ಹಾಸ್ಟೆಲ್ ಸಾಲದೆ ಮಿಲಿಟರಿ ತಗಡಿನ ಶೆಡ್ಡು, ದೊಡ್ಡ ಪೈಪನ್ನ ಉದ್ದಕ್ಕೆ ಸೀಳಿ ಕವುಚಿ ಹಾಕ್ದಂಗೆ ಇರ್ತವೆ, ಅವನ್ನ ತಂದು ಕಾಲೇಜ್ ಅಂಗಳದಲ್ಲಿ ನಿಲ್ಲಿಸಿ ಸಂಸಾರ ಇಟ್ಟಿದ್ರು.

ನಾನು ಹದಿನೇಳು ವರ್ಷ ಸರ್ವಿಸ್ ಮಾಡಿ ಊರಿಗೆ ಬಂದೆ. ಪಿಯುಸಿ ಪಾಸಾಗಿ ಭರ್ತಿ ಆದೋನು, ಡಿಗ್ರಿ ಮಾಡ್ಬೇಕು ಅನ್ನೋ ಆಸೆ ಲಡಾಖಿನ ಚಳಿಯಾಗೂ ಬಿಟ್ಟಿರ್ಲಿಲ್ಲ. ಇಲ್ಲೇ ಒಂದು ಕಾಲೇಜಿಗೆ ಹೋಗಿ ಅರ್ಜಿ ಕೇಳಿದ್ರೆ ಕೌಂಟರ್‌ನಲ್ಲಿದ್ದೋರು ನನ್ನ ಮುಖ ನೋಡಿ ಮಗನಿಗಾ ಅಂತ ಕೇಳಿದ್ರು. ನಂಗೇ ಅಂದೆ. ರೆಗ್ಯುಲರ್‌ಗೆ ನಿಮ್ಮ ವಯಸ್ಸಿನೋರು ಯಾರೂ ಬರಲ್ಲ, ಹೊರಗಿಂದ ಕಟ್ಕೊಳ್ಳಿ ಅಂದು ಕಿಟಕಿ ಬಾಗಿಲು ಎಳ್ಕೊಂಡ್ರು. ಅರ್ಜಿ ಕೊಡ್ಲಿಲ್ಲ. ಆಮೇಲೆ ಕರೆಸ್ಪಾಂಡೆನ್ಸಲ್ಲಿ ಮುಗಿಸ್ದೆ, ಪಾಸಾಗೀನಿ, ಅದಕ್ಕೇನು. ಆದ್ರೆ ಕ್ಲಾಸಲ್ಲಿ ಕೂತು ಕೇಳೋ ಆಸೆ ಹಂಗೇ ಉಳ್ಕೊಂತು. ಅದಕ್ಕೇ 1946ರ ಫೋಟೋ ನೋಡಿದ್ರೆ, ಮೈದಾನದಲ್ಲಿ ಆ ದೊಡ್ಡ ದೊಡ್ಡ ಆಳುಗಳು ಕಾಲೇಜ್ ಜೆರ್ಸಿ ಹಾಕ್ಕೊಂಡು ನಿಂತಿರೋದು ಕಂಡ್ರೆ, ನನ್ನ ಕಣ್ಣು ತುಂಬ್ಕೊಂತವೆ. ಅವರನ್ನ ಯಾರೂ ಕಿಟಕಿ ಹತ್ರ ವಾಪಸ್ ಕಳಿಸ್ಲಿಲ್ಲ.

---

ಚಳ್ಳಕೆರೆ ಕಾರ್ನರ್ (ಚಿತ್ರದುರ್ಗ), ಭಾನುವಾರ ಸಂಜೆ

ಹವಾಲ್ದಾರ್ ಅಂಕಲ್ ನಿಮ್ಮ ಮಾತು ಓದಿ ಸುಮ್ನೆ ಸ್ವಲ್ಪ ಹೊತ್ತು ಕೂತ್ಬಿಟ್ಟೆ. ನಾನು ದುರ್ಗದಲ್ಲಿ ಡಿಗ್ರಿ ಓದ್ತಿದೀನಿ, ಕಾಲೇಜ್ ಕಬಡ್ಡಿ ಟೀಮಲ್ಲಿ ಲೆಫ್ಟ್ ಕಾರ್ನರ್. ಒಂದು ವಿಷ್ಯ ಹೇಳ್ಬೇಕು ಅಂತ ಅಕೌಂಟ್ ಮಾಡ್ಕೊಂಡು ಬಂದೆ.

0-0 ಅಂದ ತಕ್ಷಣ ಏನೂ ಆಗ್ಲಿಲ್ಲ ಅನ್ಕೊಬೇಡಿ ಸರ್. ಆ ಮ್ಯಾಚಲ್ಲಿ ಒಂದು ಹಿಡಿತ ಐತೆ, ಅದ್ರ ಬಗ್ಗೆ ಓದಿದ ಮೇಲೆ ನಂಗೆ ಇಡೀ ಆಟ ಅರ್ಥ ಆಯ್ತು. ಆರ್ಮಿಲಿ ಇಬ್ರು, ಡಾಕ್ ಬ್ಲಾಂಚರ್ಡ್ ಅಂತ ಒಬ್ಬ, ಅವನು ಮಧ್ಯದಲ್ಲೇ ನುಗ್ಗಿ ಎಲ್ಲರನ್ನೂ ಒಡ್ಕೊಂಡು ಹೋಗೋನು, ಗ್ಲೆನ್ ಡೇವಿಸ್ ಅಂತ ಇನ್ನೊಬ್ಬ, ಅವನು ಸೈಡಿಂದ ಸುತ್ತಿ ಓಡೋನು, ಅದಕ್ಕೇ ಅವ್ರಿಗೆ ಮಿಸ್ಟರ್ ಇನ್‌ಸೈಡ್, ಮಿಸ್ಟರ್ ಔಟ್‌ಸೈಡ್ ಅಂತ ಹೆಸ್ರು. 1945ರ ಹೈಸ್ಮನ್ ಟ್ರೋಫಿ, ಅಂದ್ರೆ ಇಡೀ ದೇಶದ ಬೆಸ್ಟ್ ಆಟಗಾರ ಅನ್ನೋ ಪ್ರಶಸ್ತಿ, ಬ್ಲಾಂಚರ್ಡ್‌ಗೆ, 1946ರದ್ದು ಡೇವಿಸ್‌ಗೆ. ಅವತ್ತು ಬ್ಲಾಂಚರ್ಡ್ ಒಂದು ಸಲ ಪೂರ್ತಿ ಬಿಡಿಸ್ಕೊಂಡು ಬಂದ, ಮುಂದೆ ಖಾಲಿ ಮೈದಾನ, ಟಚ್‌ಡೌನ್ ಗ್ಯಾರಂಟಿ. ಉಳಿದಿದ್ದು ಲೂಜ್ಯಾಕ್ ಒಬ್ನೇ. ಆಗ ಕ್ವಾರ್ಟರ್‌ಬ್ಯಾಕ್ ಕೂಡ ಅಟ್ಯಾಕು ಡಿಫೆನ್ಸು ಎರಡೂ ಆಡೋನು. ಲೂಜ್ಯಾಕ್ ಓಡಿ ಬಂದು ಕೆಳಗೆ ಹಾರಿ ಬ್ಲಾಂಚರ್ಡ್ ಕಾಲು ಹಿಡಿದು ಬೀಳಿಸ್ದ.

ಕಬಡ್ಡಿಲಿ ನಾವು ಆಂಕಲ್ ಹೋಲ್ಡ್ ಅಂತೀವಲ್ಲ, ಅದೇ. ಕಾರ್ನರ್‌ಲಿ ನಿಂತೋರಿಗೆ ಗೊತ್ತಿರುತ್ತೆ, ದಪ್ಪ ರೈಡರ್ ಬಂದಾಗ ಮೇಲೆ ಸೊಂಟಕ್ಕೆ ಕೈ ಹಾಕಿದ್ರೆ ನಮ್ಮನ್ನೂ ಎಳ್ಕೊಂಡೇ ಮಿಡ್ ಲೈನ್ ಮುಟ್ತಾನೆ, ಪಾದದ ಹತ್ರ ಎರಡೂ ಕೈ ಬೀಗ ಹಾಕಿ, ತಲೆ ಒಳಗೆ ತಗೊಂಡು, ಎದೆ ನೆಲಕ್ಕೆ ಕೊಟ್ಬಿಡ್ಬೇಕು. ಭಯ ಆಗುತ್ತೆ, ಮಂಡಿ ಮುಖಕ್ಕೆ ಬರುತ್ತೆ. ಒಂದು ಕ್ಷಣ ಮುಂಚೆ ಹಾರಿದ್ರೂ ಸಿಗಲ್ಲ, ತಡ ಆದ್ರೂ ಸಿಗಲ್ಲ. ಅಷ್ಟು ವೇಗದಲ್ಲಿ ಬರ್ತಿರೋ ಅಷ್ಟು ದೊಡ್ಡ ಆಳನ್ನ ಬಯಲಲ್ಲಿ ಒಬ್ಬನೇ, ಪಕ್ಕದಲ್ಲಿ ಚೈನ್ ಹಾಕೋಕೆ ಯಾರೂ ಇಲ್ಲ, ಹಿಡಿದು ನಿಲ್ಲಿಸ್ದ ಅಂದ್ರೆ ನಂಗೆ ಅದು ಟಚ್‌ಡೌನಿಗಿಂತ ದೊಡ್ಡದು. ಆರ್ಮಿ ಕ್ವಾರ್ಟರ್‌ಬ್ಯಾಕ್ ಆರ್ನಲ್ಡ್ ಟಕ್ಕರ್ ಕೂಡ ಡಿಫೆನ್ಸಲ್ಲಿ ನಿಂತು ನೋಟರ್ ಡೇಮ್ ಪಾಸ್‌ಗಳನ್ನ ಮಧ್ಯದಲ್ಲೇ ಮೂರು ಸಲ ಕಿತ್ಕೊಂಡ. ಇಡೀ ಮ್ಯಾಚು ಡಿಫೆಂಡರ್‌ಗಳದ್ದು ಸರ್, ನಮ್ಮಂಥೋರದ್ದು. ಪೇಪರಲ್ಲಿ ಯಾವಾಗ್ಲೂ ರೈಡರ್ ಫೋಟೋನೇ ಬರೋದು.

ಇನ್ನೊಂದು ಹೇಳ್ಲೇಬೇಕು. ಅದೇ 1946ರಲ್ಲಿ ಪೆನ್ ಸ್ಟೇಟ್ ಅಂತ ಕಾಲೇಜ್ ತಂಡದಲ್ಲಿ ವಾಲಿ ಟ್ರಿಪ್ಲೆಟ್, ಡೆನಿ ಹೊಗಾರ್ಡ್ ಅಂತ ಇಬ್ರು ಕಪ್ಪು ಜನಾಂಗದ ಹುಡುಗ್ರಿದ್ರು. ಮಯಾಮಿಲಿ ಮ್ಯಾಚ್ ಗೊತ್ತಾಗಿತ್ತು, ಅಲ್ಲಿಯೋರು ಕಪ್ಪು ಆಟಗಾರರನ್ನ ಬಿಟ್ಟು ಬನ್ನಿ ಅಂದ್ರು. ಪೆನ್ ಸ್ಟೇಟ್‌ನೋರು ಅವ್ರನ್ನ ಬಿಟ್ಟು ಬರಲ್ಲ ಅಂತ ಮ್ಯಾಚೇ ರದ್ದು ಮಾಡಿದ್ರು. ಆಮೇಲೆ 1948ರ ಜನವರಿ 1ಕ್ಕೆ ಡಲ್ಲಾಸ್‌ನಲ್ಲಿ ಕಾಟನ್ ಬೌಲ್, ಅವ್ರಿಬ್ರನ್ನೂ ಕರ್ಕೊಂಡೇ ಹೋಗಿ ಆಡಿದ್ರು, ಆ ಬೌಲ್‌ನಲ್ಲಿ ಕಪ್ಪು ಆಟಗಾರರು ಆಡಿದ್ದು ಅದೇ ಮೊದಲು, 13-13 ಸಮ ಆಯ್ತು. ಅಂಕಲ್ ಹೇಳಿದ ಜಿಐ ಬಿಲ್ ಒಳ್ಳೇದೇ, ಆದ್ರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೈನಿಕರಿಗೆ ಕಾಲೇಜ್ ಬಾಗಿಲು ಅಷ್ಟು ಸುಲಭಕ್ಕೆ ತೆರೀಲಿಲ್ಲ, ಎಷ್ಟೋ ವಿಶ್ವವಿದ್ಯಾಲಯಗಳು ಅವ್ರನ್ನ ಸೇರಿಸ್ಕೊಳ್ತಾನೇ ಇರ್ಲಿಲ್ಲ. ಕಿಟಕಿ ಹತ್ರ ವಾಪಸ್ ಕಳಿಸಿದ್ದು ಅವ್ರನ್ನ.

---

ಮಾಜಿ ಹವಾಲ್ದಾರ್ (ದಾವಣಗೆರೆ), ಭಾನುವಾರ ರಾತ್ರಿ

ತಂಗಿ, ನೀನು ಹೇಳಿದ್ದು ಸರಿ, ನಾನು ಬರೀವಾಗ ಅದು ನೆನಪಿಗೆ ಬರ್ಲಿಲ್ಲ, ಬರಬೇಕಿತ್ತು. ಯಾರನ್ನೂ ವಾಪಸ್ ಕಳಿಸ್ಲಿಲ್ಲ ಅಂತ ನಾನಂದಿದ್ದು ತಪ್ಪು. ಒಂದೇ ಗುಂಡಿಗೆ ಎದೆ ಕೊಟ್ಟೋರಿಗೆ ಬಾಗಿಲು ಬೇರೆ ಬೇರೆ ಅಂದ್ರೆ ಅದನ್ನ ಸಹಿಸೋಕೆ ಆಗಲ್ಲ.

---

ಕೋಟೆಬಾಗಿಲು (ಚಿತ್ರದುರ್ಗ), ಭಾನುವಾರ ರಾತ್ರಿ

ತಂಗಿ ಆ ಹಿಡಿತದ ಬಗ್ಗೆ ಬರೆದಿದ್ದು ನೋಡಿ ನಾನು ಇಷ್ಟು ವರ್ಷ ಅಂಕಿಸಂಖ್ಯೆ ಮಾತ್ರ ಓದ್ಕೊಂಡು ಬಂದೆ ಅನ್ನಿಸ್ತು.

ಎರಡು ಮಾತು ಸೇರಿಸ್ತೀನಿ. ಒಂದು, ಅವತ್ತು ಆ ಮೈದಾನದಲ್ಲಿ ಹೈಸ್ಮನ್ ಗೆದ್ದೋರು, ಮುಂದೆ ಗೆಲ್ಲೋರು ಸೇರಿ ನಾಲ್ಕು ಜನ ಇದ್ರು, ಬ್ಲಾಂಚರ್ಡ್, ಡೇವಿಸ್, 1947ಕ್ಕೆ ಲೂಜ್ಯಾಕ್, 1949ಕ್ಕೆ ಲಿಯಾನ್ ಹಾರ್ಟ್, ಹಾರ್ಟ್ ಆಗ ಇನ್ನೂ ಮೊದಲ ವರ್ಷದ ಹುಡುಗ. ನಾಲ್ಕು ಜನ ಅಂಥೋರಿದ್ದೂ ಒಂದು ಪಾಯಿಂಟ್ ಬರ್ಲಿಲ್ಲ.

ಇನ್ನೊಂದು, ಹವಾಲ್ದಾರ್ ಸರ್ ಮಾತು ಕೇಳಿ ಆರ್ಮಿ ಹುಡುಗ್ರು ಯುದ್ಧ ತಪ್ಪಿಸ್ಕೊಂಡ್ರು ಅಂತ ಯಾರೂ ತಿಳ್ಕೊಬಾರ್ದು. ಓದು ಮುಗಿದ ಮೇಲೆ ಅವ್ರು ಸೇನೆಗೇ ಹೋದ್ರು. ಬ್ಲಾಂಚರ್ಡ್ ಪ್ರೊಫೆಷನಲ್ ಫುಟ್‌ಬಾಲ್ ಆಡ್ಲೇ ಇಲ್ಲ, ಏರ್‌ಫೋರ್ಸ್ ಫೈಟರ್ ಪೈಲಟ್ ಆಗಿ ವಿಯೆಟ್ನಾಂ ಯುದ್ಧದಲ್ಲೂ ವಿಮಾನ ಹಾರ್ಸಿದ್ರು.

ಮೇಷ್ಟ್ರೇ, ಯಾರು ಚಾಂಪಿಯನ್ ಅಂತ ನನ್ನ ಓಟು ಕೇಳಿದ್ರೆ ನೋಟರ್ ಡೇಮ್‌ಗೇ. ಯಾಕಂದ್ರೆ ಅವತ್ತು ಅವ್ರು ಆರ್ಮಿ ಗೆರೆಯಿಂದ ನಾಲ್ಕು ಗಜದ ತನಕ ಹೋಗಿದ್ರು, ಈ ಆಟದಲ್ಲಿ ಮುಂದೆ ಹೋಗೋಕೆ ಕೊಡೋದು ನಾಲ್ಕು ಸಲ, ಕೊನೇ ನಾಲ್ಕನೇ ಸಲಕ್ಕೆ ಒದ್ದು ಮೂರು ಪಾಯಿಂಟ್ ತಗೊಳೋಕೆ ನೋಡ್ದೆ ಗೆರೆ ದಾಟೋಕೇ ಓಡಿದ್ರು, ಆರ್ಮಿ ತಡೀತು. ಆ ಸೀಸನ್ನಿಂದ ಶುರುವಾಗಿ 1949ರ ತನಕ ನಾಲ್ಕು ಸೀಸನ್ ಆ ತಂಡ ಒಂದೇ ಒಂದು ಮ್ಯಾಚ್ ಸೋಲಲಿಲ್ಲ. 1947ರಲ್ಲಿ ಆರ್ಮಿನ ಸೌತ್ ಬೆಂಡ್‌ಗೇ ಕರೆಸಿ 27-7 ಹೊಡೆದ್ರು. ಆಮೇಲೆ ಹತ್ತು ವರ್ಷ ಎರಡೂ ತಂಡ ಎದುರುಬದುರು ಆಗ್ಲೇ ಇಲ್ಲ.

---

ಸುಣ್ಣದಗೆರೆ (ದಾವಣಗೆರೆ), ಸೋಮವಾರ ರಾತ್ರಿ

ಎಲ್ಲರಿಗೂ ಕೈಮುಗಿದು ಹೇಳ್ತೀನಿ, ಇಷ್ಟು ಉತ್ತರ ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಕೋಟೆಬಾಗಿಲು ಸರ್, ನಾನು ಮಾತ್ರ ನಿಮ್ಮ ಓಟು ಒಪ್ಪಲ್ಲ, ಸಮ ಆಗಿದ್ದನ್ನ ಸಮ ಅಂತಲೇ ಬಿಡಬೇಕಿತ್ತು, ಇಬ್ಬರಿಗೂ ಕೊಡಬೇಕಿತ್ತು, ಜಾರ್ಜಿಯಾದವರನ್ನೂ ಪಕ್ಕ ನಿಲ್ಲಿಸ್ಬೇಕಿತ್ತು. ನಾನಾಗಿದ್ರೆ ಮೂರು ಕಪ್ ಮಾಡಿಸ್ತಿದ್ದೆ.

ನೀವು ನಾಲ್ಕು ಗಜ ಅಂದಿದ್ದು ನಿನ್ನೆ ರಾತ್ರಿಯಿಂದ ತಲೆಯಾಗೆ ಕೂತಿತ್ತು. ನಮ್ಮಪ್ಪ ಇಲ್ಲೇ ಕಾಟನ್ ಮಿಲ್ಲಿನಾಗೆ ಇದ್ದೋರು, ಮನೆಯಾಗೆ ಗಜ ಅಂದ್ರೆ ಬಟ್ಟೆ ಲೆಕ್ಕ, ಮೂರು ಅಡಿ. ಇವತ್ತು ಸಾಯಂಕಾಲ ಪ್ರಾಕ್ಟೀಸ್ ಮುಗಿದ ಮೇಲೆ ಟೇಪ್ ಹಿಡಿದು ಗ್ರೌಂಡಲ್ಲಿ ಹನ್ನೆರಡು ಅಡಿ ಅಳೆದು ಎರಡು ಗೆರೆ ಸುಣ್ಣದ ಪುಡಿ ಹಾಕಿದೆ. ನೋಡೋಕೆ ಇಷ್ಟೇ ಇಷ್ಟು ಜಾಗ ರೀ. ಎರಡು ಹೆಜ್ಜೆ ಹಾರಿದ್ರೆ ಮುಗೀತು. ಎಂಟನೇ ಕ್ಲಾಸು ಒಂಬತ್ತನೇ ಕ್ಲಾಸಿನ ಹುಡುಗ್ರನ್ನ ಹನ್ನೊಂದು ಹನ್ನೊಂದು ನಿಲ್ಲಿಸಿ, ಒಂದು ಕಡೆಯೋರು ನಾಲ್ಕು ಸಲದಲ್ಲಿ ಆ ಗೆರೆ ದಾಟಬೇಕು, ಇನ್ನೊಂದು ಕಡೆಯೋರು ಬಿಡಬಾರ್ದು, ಗುದ್ದಂಗಿಲ್ಲ ಒದಿಯಂಗಿಲ್ಲ ಹಿಡಿತ ಮಾತ್ರ ಅಂದೆ. ಮೊದಲ್ನೇ ಸಲ ಒಂದಡಿ ಬಂದ್ರು. ಎರಡನೇ ಸಲ ಎರಡಡಿ. ಮೂರನೇದರಲ್ಲಿ ಸುಣ್ಣದ ಧೂಳು ಎದ್ದು ಏನೂ ಕಾಣ್ಲಿಲ್ಲ. ನಾಲ್ಕನೇ ಸಲ ನಮ್ಮ ತಂಡದ ಎಲ್ಲರಿಗಿಂತ ದಪ್ಪನೆ ಹುಡುಗ ಚೆಂಡು ಹಿಡ್ಕೊಂಡು ನುಗ್ದ, ಗೆರೆಗೆ ಇನ್ನೊಂದು ಮೊಳ ಇತ್ತು, ಕಾರ್ನರ್‌ಲಿ ಸುಮ್ಮನೆ ನಿಂತಿರ್ತಾನಲ್ಲ ಒಬ್ಬ ಸಣ್ಣಗಿನ ಹುಡುಗ, ಎಂಟನೇ ಕ್ಲಾಸೋನು, ಅವನು ಕೆಳಗೆ ಬಿದ್ದು ಅವನ ಪಾದ ಹಿಡ್ಕೊಂಡ, ಬಿಡ್ಲೇ ಇಲ್ಲ. ವಿಷಲ್ ಊದೋದು ಮರೆತು ನಾನು ಹಂಗೇ ನಿಂತಿದ್ದೆ. ಎದ್ದು ನಿಂತಾಗ ಅವನ ಮುಖ, ಎದೆ, ಎಲ್ಲಾ ಬಿಳಿ ಸುಣ್ಣ, ಸಾರ್ ಗೆರೆ ದಾಟ್ಲಿಲ್ಲ ಅಲ್ವಾ ಸಾರ್ ಅಂತ ಮೂರು ಸಲ ಕೇಳ್ದ.

ಚಳ್ಳಕೆರೆ ತಂಗಿ, ಅವನಿಗೆ ಆ ಎರಡೂ ಕೈ ಬೀಗ ಹಾಕೋದು ಹೆಂಗೆ ಅಂತ ಸರಿಯಾಗಿ ಹೇಳಿಕೊಡ್ಬೇಕು, ತಲೆ ಹೊರಗೆ ಇಟ್ಟಿದ್ದ ಇವತ್ತು, ಪೆಟ್ಟಾಗ್ತಿತ್ತು. ಒಂದು ವಿಡಿಯೋ ಮಾಡಿ ಹಾಕ್ತೀಯಾ?

---

ಚಳ್ಳಕೆರೆ ಕಾರ್ನರ್ (ಚಿತ್ರದುರ್ಗ), ಸೋಮವಾರ ರಾತ್ರಿ

ಖಂಡಿತ ಸರ್. ನಾಳೆ ಪ್ರಾಕ್ಟೀಸಲ್ಲಿ ಫ್ರೆಂಡ್ ಹತ್ರ ಶೂಟ್ ಮಾಡ್ಸಿ ಹಾಕ್ತೀನಿ, ನಿಧಾನಕ್ಕೆ ಒಂದೊಂದೇ ತೋರಿಸ್ತೀನಿ. ಅವನಿಗೆ ಹೇಳಿ, ಕಣ್ಣು ಯಾವಾಗ್ಲೂ ಪಾದದ ಮೇಲೆ ಇರ್ಬೇಕು, ಮುಖ ನೋಡಿದ್ರೆ ಹೆದರಿಕೆ ಆಗುತ್ತೆ.

---

ಮಾಜಿ ಹವಾಲ್ದಾರ್ (ದಾವಣಗೆರೆ), ಸೋಮವಾರ ರಾತ್ರಿ

ಮೇಷ್ಟ್ರೇ, ಯಾವ ಗ್ರೌಂಡು ಅಂತ ಮೆಸೇಜ್ ಮಾಡಿ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬರ್ತೀನಿ. ಆ ನಾಲ್ಕು ಗಜದ ಗೆರೆ ಅಳಿಸ್ಬೇಡಿ.